ಬಾಗಿಲು, ಮಂಚ, ಪ್ಲೈವುಡ್, ಕಿನ್ನಾಳ: ಮರಗೆಲಸದಲ್ಲಿ ಯಾವ ದಾರಿ ಹಿಡಿಯುವುದು?

ಸಿಂಧನೂರಿನ ನಮ್ಮ ಕಾರ್ಯಾಗಾರಕ್ಕೆ ಪ್ರತಿವರ್ಷ ಪರೀಕ್ಷೆಯ ಫಲಿತಾಂಶ ಬಂದ ಮೇಲೆ ನಾಲ್ಕಾರು ಹುಡುಗರು ಬರುತ್ತಾರೆ. ಕೆಲವರು ತಂದೆಯೊಂದಿಗೆ, ಕೆಲವರು ಒಬ್ಬರೇ. ಮರಗೆಲಸ ಕಲಿತರೆ ಜೀವನ ನಡೆಯುತ್ತದೆಯೇ ಎಂಬುದು ಅವರೆಲ್ಲರ ಪ್ರಶ್ನೆ. ಯಾವ ಮರಗೆಲಸ ಎಂದು ನಾನು ತಿರುಗಿ ಕೇಳಿದರೆ ಹೆಚ್ಚಿನವರು ಸುಮ್ಮನಾಗುತ್ತಾರೆ, ಏಕೆಂದರೆ ‘ಕಾರ್ಪೆಂಟರ್’ ಎಂಬ ಒಂದೇ ಹೆಸರಿನ ಕೆಳಗೆ ಈಗ ನಾಲ್ಕು ಬೇರೆ ಬೇರೆ ಕಸುಬುಗಳು ನಡೆಯುತ್ತಿವೆ ಎಂಬುದನ್ನು ಅವರಿಗೆ ಯಾರೂ ಹೇಳಿರುವುದಿಲ್ಲ. ನಮ್ಮ ಅಜ್ಜನ ಕಾಲಕ್ಕೆ ಈ ಗೊಂದಲವಿರಲಿಲ್ಲ. ಬಡಿಗೇರನಾದವನು ಜಾಲಿ ಮರದಲ್ಲಿ ಕೂರಿಗೆ, ಕುಂಟೆ, ನೊಗ, ಬಂಡಿಯ ಗಾಲಿ ಮಾಡಿಕೊಡುತ್ತಿದ್ದ. ಸುಗ್ಗಿಯಲ್ಲಿ ಕಣಕ್ಕೆ ಹೋಗಿ ಆಯ, ಅಂದರೆ ಕೆಲಸಕ್ಕೆ ಪ್ರತಿಯಾಗಿ ಸಿಗುವ ಕಾಳು, ತರುತ್ತಿದ್ದ. ಟ್ರ್ಯಾಕ್ಟರು ಬಂದು ಬಂಡಿ ಹೋಯಿತು, ಬಂಡಿಯೊಂದಿಗೆ ಆಯವೂ ಹೋಯಿತು. ಉಳಿದವರು ಮನೆಯ ಬಾಗಿಲು-ಕಿಟಕಿಯ ಕಡೆಗೋ, ಮಂಚ-ಕುರ್ಚಿಯ ಕಡೆಗೋ, ಪ್ಲೈವುಡ್ಡಿನ ಒಳಾಂಗಣದ ಕಡೆಗೋ ಹೊರಳಿದರು. ಕೊಪ್ಪಳ ತಾಲ್ಲೂಕಿನ ಕಿನ್ನಾಳದಲ್ಲಿ ಮಾತ್ರ ಚಿತ್ರಗಾರ ಮನೆತನಗಳು ಬಣ್ಣದ ಮರದ ಗೊಂಬೆ, ಮೂರ್ತಿ ಮಾಡುವ ತಮ್ಮ ಹಳೆಯ ಕಸುಬನ್ನೇ ಹಿಡಿದುಕೊಂಡು ಬಂದಿವೆ.

ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳಲ್ಲಿ ಹದಿನೆಂಟು-ಇಪ್ಪತ್ತರ ವಯಸ್ಸಿನಲ್ಲಿ ಈ ವೃತ್ತಿಗೆ ಬರಲು ಯೋಚಿಸುತ್ತಿರುವವರಿಗಾಗಿ ಈ ನಾಲ್ಕು ದಾರಿಗಳನ್ನು ಇಲ್ಲಿ ಹೋಲಿಸಿದ್ದೇನೆ. ಕೂಲಿಯ ದರಗಳನ್ನು ಬರೆದಿಲ್ಲ. ಬಳ್ಳಾರಿಯ ದರ ಮಾನ್ವಿಯಲ್ಲಿ ನಡೆಯುವುದಿಲ್ಲ, ಈ ವರ್ಷದ ದರ ಬರುವ ವರ್ಷಕ್ಕೆ ಹಳತಾಗುತ್ತದೆ. ಹಣ ಯಾವ ರೀತಿಯಲ್ಲಿ ಬರುತ್ತದೆ, ಎಲ್ಲಿ ಸಿಕ್ಕಿಕೊಳ್ಳುತ್ತದೆ ಎಂಬುದು ಬೇಗ ಬದಲಾಗುವುದಿಲ್ಲವಾದ್ದರಿಂದ ಅದನ್ನು ವಿವರವಾಗಿ ಹೇಳಿದ್ದೇನೆ.

ಮೊದಲು ಮರದ ಮಾತು

ದಾರಿಗಳನ್ನು ಹೋಲಿಸುವುದಕ್ಕೆ ಮುಂಚೆ ಮರದ ಒಂದು ಗುಣವನ್ನು ಹೇಳಲೇಬೇಕು, ಏಕೆಂದರೆ ನಾಲ್ಕು ದಾರಿಗಳ ನಡುವಿನ ನಿಜವಾದ ವ್ಯತ್ಯಾಸ ಅಲ್ಲಿಂದಲೇ ಹುಟ್ಟುತ್ತದೆ. ಕಡಿದ ಮರ ಗಾಳಿಯ ತೇವಕ್ಕೆ ತಕ್ಕಂತೆ ಹಿಗ್ಗುತ್ತದೆ, ಕುಗ್ಗುತ್ತದೆ. ಉದ್ದಕ್ಕೆ ಈ ಬದಲಾವಣೆ ಲೆಕ್ಕಕ್ಕೆ ಹಿಡಿಯುವಷ್ಟು ಇರುವುದಿಲ್ಲ, ಅಗಲಕ್ಕೆ ಇರುತ್ತದೆ. ಹಸಿ ತೇಗ ಪೂರ್ತಿ ಒಣಗುವಷ್ಟರಲ್ಲಿ, ಬೊಡ್ಡೆಯನ್ನು ಅಡ್ಡ ಕೊಯ್ದಾಗ ಕಾಣುವ ವರ್ಷದ ಬಳೆಗಳ ಗುಂಟ ಸುಮಾರು ಶೇ 5.8ರಷ್ಟು, ಬಳೆಗಳಿಗೆ ಅಡ್ಡಲಾಗಿ ಸುಮಾರು ಶೇ 2.5ರಷ್ಟು ಕುಗ್ಗುತ್ತದೆ. ಮರಗಳಲ್ಲಿ ತೇಗ ಶಾಂತ ಸ್ವಭಾವದ್ದು. ಉಳಿದ ಎಷ್ಟೋ ಮರಗಳು ಇದಕ್ಕಿಂತ ಹೆಚ್ಚು ಆಡುತ್ತವೆ. ಬಳೆಗಳ ಗುಂಟ ಸೀಳಿದ ಹಲಗೆಗಳನ್ನು ಜೋಡಿಸಿ 36 ಇಂಚು ಅಗಲದ ಮೇಜಿನ ಹಾಸು ಮಾಡಿದ್ದೀರಿ ಎಂದುಕೊಳ್ಳಿ. ಅದರ ತೇವಾಂಶ ಶೇ 15ರಿಂದ ಶೇ 10ಕ್ಕೆ ಇಳಿದರೆ ಹಾಸು ಒಂದು ಇಂಚಿನ ಮೂರನೇ ಒಂದು ಭಾಗದಷ್ಟು ಕಿರಿದಾಗುತ್ತದೆ.

ಮಲೆನಾಡಿನ ಕಡೆಯಿಂದ ಮಳೆಗಾಲದಲ್ಲಿ ಬಂದಿಳಿದ ಮರಕ್ಕೆ ರಾಯಚೂರಿನ ಏಪ್ರಿಲ್ ತಿಂಗಳು ಏನು ಮಾಡುತ್ತದೆ ಎಂಬುದನ್ನು ನಾನು ಕಲಿತದ್ದು ನನ್ನ ಮೊದಲ ಊಟದ ಮೇಜಿನಿಂದ. ಡಿಪೋದವರು ಒಣಗಿದ ಮಾಲು ಎಂದು ಕೊಟ್ಟಿದ್ದರು, ನಾನು ಪರೀಕ್ಷಿಸದೆ ನಂಬಿದ್ದೆ. ಆಗಸ್ಟಿನಲ್ಲಿ ಕೂಡಿಸಿ, ಹಾಸನ್ನು ಕೆಳಗಿನ ಚೌಕಟ್ಟಿಗೆ ಸುತ್ತಲೂ ಸ್ಕ್ರೂ ಹಾಕಿ ಬಿಗಿದು ಕೊಟ್ಟೆ. ಯುಗಾದಿಯ ಹೊತ್ತಿಗೆ ಅದು ತಲೆಯಿಂದ ಬಾಲದವರೆಗೆ ಸೀಳಿತ್ತು. ತಪ್ಪು ಅರ್ಧ ಮರದ್ದು, ಅರ್ಧ ನನ್ನದು: ಹಾಸು ಕುಗ್ಗಲು ಜಾಗವನ್ನೇ ನಾನು ಬಿಟ್ಟಿರಲಿಲ್ಲ.

ಈ ಒಂದು ಗುಣವನ್ನು ನಾಲ್ಕು ಕಸುಬುಗಳೂ ನಾಲ್ಕು ರೀತಿಯಲ್ಲಿ ಎದುರಿಸುತ್ತವೆ. ಬಾಗಿಲಿನ ಕೆಲಸ ಅದನ್ನು ಕಲಿಯುವಂತೆ ಮಾಡುತ್ತದೆ. ಪೀಠೋಪಕರಣದ ಕೆಲಸ ಕಲಿಯದವನಿಗೆ ದಂಡ ಹಾಕುತ್ತದೆ. ಪ್ಲೈವುಡ್ಡಿನಲ್ಲಿ ಒಂದು ಪದರದ ಮೇಲೆ ಇನ್ನೊಂದು ಪದರವನ್ನು ಅಡ್ಡಡ್ಡ ಅಂಟಿಸಿರುವುದರಿಂದ ಆ ಪ್ರಶ್ನೆಯೇ ಬಹುಮಟ್ಟಿಗೆ ಏಳುವುದಿಲ್ಲ. ಕಿನ್ನಾಳದವರು ಹಗುರವಾದ ಮೆದು ಮರವನ್ನು ಆರಿಸಿ, ಅದರ ಮೇಲೆ ಬಟ್ಟೆ ಮತ್ತು ಅಂಟಿನ ಲೇಪ ಕೊಟ್ಟು, ಆ ಲೇಪದ ಮೇಲೆ ಬಣ್ಣ ಬರೆಯುತ್ತಾರೆ.

ಮನೆಯ ಮರಗೆಲಸ: ಹೊಸ್ತಿಲಿನಿಂದ ಮೆಟ್ಟಿಲಿನವರೆಗೆ

ತಲೆಬಾಗಿಲು, ಚೌಕಟ್ಟು, ಕಿಟಕಿ, ದೇವರಮನೆಯ ಮಂಟಪ, ಮೆಟ್ಟಿಲಿನ ಕೈಹಿಡಿ, ಹಳೆಯ ವಾಡೆಗಳ ಕಂಬ-ಬೋದಿಗೆಗಳ ದುರಸ್ತಿ ಇವೆಲ್ಲ ಈ ವಿಭಾಗಕ್ಕೆ ಸೇರುತ್ತವೆ. ನಮ್ಮ ಭಾಗದ ಹಳೆಯ ಮಾಳಿಗೆ ಮನೆಗಳು ಕಂಬ, ತೊಲೆ, ಜಂತಿಗಳ ಮೇಲೆ ನಿಂತಿದ್ದವು. ಮನೆಯ ವಿಸ್ತಾರವನ್ನು ಹೇಳುತ್ತಿದ್ದುದೂ ಇಷ್ಟು ಅಂಕಣದ (ಕಂಬಗಳ ನಡುವಿನ ಜಾಗದ) ಮನೆ ಎಂದೇ. ಆರ್‌ಸಿಸಿ ಬಂದ ಮೇಲೆ ಛಾವಣಿಯ ಕೆಲಸ ಬಡಿಗನ ಕೈ ತಪ್ಪಿತು, ಆದರೆ ತಲೆಬಾಗಿಲು ತಪ್ಪಲಿಲ್ಲ. ಒಳಕೋಣೆಗಳಿಗೆ ರೆಡಿಮೇಡ್ ಫ್ಲಶ್ ಡೋರ್ ಹಾಕಿಸುವ ಮನೆಯವರೂ ತಲೆಬಾಗಿಲಿಗೆ ಮಾತ್ರ ತೇಗವನ್ನೇ ಬಯಸುತ್ತಾರೆ. ಬಾಗಿಲು ನಿಲ್ಲಿಸುವ ಮುಹೂರ್ತದ ದಿನ ಹೊಸ್ತಿಲಿಗೆ ಪೂಜೆ ಮಾಡಿ, ಬಡಿಗನಿಗೆ ಬಟ್ಟೆ, ಅಕ್ಕಿ, ಕೊಬ್ಬರಿ, ದಕ್ಷಿಣೆ ಕೊಡುವ ಪದ್ಧತಿ ಇಂದಿಗೂ ಇದೆ. ಮಾಡ್ಯುಲರ್ ಅಡುಗೆಮನೆ ಕೂರಿಸಿದವನಿಗೆ ಯಾರೂ ಆರತಿ ಎತ್ತಿದ್ದನ್ನು ನಾನು ಕಂಡಿಲ್ಲ.

ಕಲಿಯುವವನಿಗೆ ಈ ಕೆಲಸ ಬಹಳ ಒಳ್ಳೆಯ ಶಾಲೆ. ಚೌಕಟ್ಟಿನಲ್ಲಿ ಒಂದು ತುಂಡಿಗೆ ತೂತು ಕೊರೆದು ಇನ್ನೊಂದರ ನಾಲಿಗೆಯನ್ನು ಅದರೊಳಗೆ ಬಿಗಿಯಾಗಿ ಕೂಡಿಸಬೇಕು. ಕದದಲ್ಲಿ ನಾಲ್ಕು ಪಟ್ಟಿಗಳ ನಡುವೆ ತೋಡಿದ ಸಂದಿನಲ್ಲಿ ಹಲಗೆಯನ್ನು ಅಂಟಿಲ್ಲದೆ ಸಡಿಲವಾಗಿ ಕೂರಿಸಬೇಕು. ಬೇಸಿಗೆಯಲ್ಲಿ ಹಲಗೆ ಕುಗ್ಗಿದರೂ ಸಂದಿನೊಳಗೇ ಕುಗ್ಗುತ್ತದೆ, ಮಳೆಗಾಲದಲ್ಲಿ ಹಿಗ್ಗಿದರೂ ಪಟ್ಟಿಯನ್ನು ಒಡೆಯುವುದಿಲ್ಲ. ಹಿರಿಯರು ತೇವಾಂಶದ ಶೇಕಡಾ ಲೆಕ್ಕ ತಿಳಿಯದೆಯೂ ಈ ಉಪಾಯವನ್ನು ಕಂಡುಕೊಂಡಿದ್ದರು. ಇದನ್ನು ಕೈಯಿಂದ ಹತ್ತು ಸಲ ಮಾಡಿದವನಿಗೆ ನನ್ನ ಮೇಜಿಗೆ ಬಂದ ಗತಿ ಏಕೆ ಬಂತು ಎಂಬುದನ್ನು ಯಾರೂ ವಿವರಿಸಬೇಕಾಗಿಲ್ಲ.

ಲೆಕ್ಕವೂ ಇಲ್ಲಿಯೇ ಕೈಗೆ ಹತ್ತುತ್ತದೆ. ಏಳು ಅಡಿ ಎತ್ತರ, ಮೂರೂವರೆ ಅಡಿ ಅಗಲದ ಚೌಕಟ್ಟಿಗೆ ಹೊಸ್ತಿಲು ಸೇರಿ ಒಟ್ಟು 21 ಅಡಿ ಉದ್ದದ ಮರ ಬೇಕು. ಐದು-ಮೂರು ಇಂಚಿನ ತುಂಡಾದರೆ 21ನ್ನು 15ರಿಂದ ಗುಣಿಸಿ 144ರಿಂದ ಭಾಗಿಸಬೇಕು, ಸುಮಾರು 2.19 ಘನ ಅಡಿ ಬರುತ್ತದೆ. ನಾಲ್ಕು-ಮೂರಾದರೆ 1.75 ಘನ ಅಡಿ. ಗೋಡೆಯೊಳಗೆ ಹೋಗುವ ಕೊಂಬು, ರಂದಾ ಹೊಡೆದಾಗ ಹೋಗುವ ಹೊಟ್ಟು, ತೆಗೆದುಹಾಕಬೇಕಾದ ಬೊಡ್ಡೆಯ ಹೊರಸುತ್ತಿನ ಬಿಳಿ ಭಾಗ ಇವೆಲ್ಲ ಇದರ ಮೇಲೆ ಬರುತ್ತವೆ. ಈ ‘ಮೇಲಿನದನ್ನು’ ಮೊದಲೇ ಹೇಳದ ಬಡಿಗ ಕೊನೆಗೆ ತನ್ನ ಕೂಲಿಯಿಂದ ಮರದ ಬೆಲೆ ಕಟ್ಟುತ್ತಾನೆ.

ಇದರ ತೊಂದರೆ ಹಣದ ಓಟದಲ್ಲಿದೆ. ಗೋಡೆ ಏಳುವಾಗ ಚೌಕಟ್ಟು, ಗಿಲಾಯ (ಪ್ಲಾಸ್ಟರ್) ಮುಗಿದ ಮೇಲೆ ಕದ, ಗೃಹಪ್ರವೇಶದ ಹಿಂದಿನ ವಾರ ಪಾಲಿಶ್, ಹೀಗೆ ಒಂದೇ ಮನೆಯ ಕೆಲಸ ವರ್ಷದಗಲಕ್ಕೂ ಹರಡಿಕೊಳ್ಳುತ್ತದೆ. ಮನೆ ಕಟ್ಟಿಸುವವನ ಹಣ ನಿಂತರೆ ಬಡಿಗನ ಹಣವೂ ನಿಲ್ಲುತ್ತದೆ. ಕೊನೆಯ ಕಂತು ಬರುವ ಹೊತ್ತಿಗೆ ಮನೆಯವರ ಕೈ ಖಾಲಿಯಾಗಿರುತ್ತದೆ. ಆದ್ದರಿಂದ ಚೌಕಟ್ಟಿನ ಲೆಕ್ಕವನ್ನು ಚೌಕಟ್ಟು ನಿಲ್ಲಿಸಿದ ದಿನವೇ ಮುಗಿಸಿಕೊಂಡು, ಕದಕ್ಕೆ ಬೇರೆ ಕರಾರು ಮಾಡಿಕೊಳ್ಳುವುದು ಕ್ಷೇಮ.

ಪೀಠೋಪಕರಣ: ಹೆಸರು ಹೆಚ್ಚು, ಗಿರಾಕಿ ಕಡಿಮೆ

ಮಂಚ, ತೂಗುಮಂಚ, ತೊಟ್ಟಿಲು, ಊಟದ ಮೇಜು, ಕುರ್ಚಿ, ಬರೆಯುವ ಮೇಜು ಇವುಗಳನ್ನು ಗಟ್ಟಿ ಮರದಲ್ಲಿ, ಗಿರಾಕಿಯ ಅಳತೆಗೆ, ಒಂದೊಂದಾಗಿ ಮಾಡುವ ಕಸುಬು ಇದು. ಇವುಗಳಲ್ಲಿ ಕುರ್ಚಿಯಷ್ಟು ಕಠಿಣವಾದದ್ದು ಇನ್ನೊಂದಿಲ್ಲ: ಕೂತವನು ಹಿಂದಕ್ಕೆ ಒರಗಿದಾಗಲೆಲ್ಲ ಹಿಂಗಾಲಿನ ಜೋಡಣೆಯ ಮೇಲೆ ಭಾರ ಬೀಳುತ್ತದೆ, ಅಲ್ಲಿಯ ಕೋನಗಳು ನೇರವಾಗಿಯೂ ಇರುವುದಿಲ್ಲ. ಒಂದು ಕುರ್ಚಿಯನ್ನು ಅಲುಗದಂತೆ ಮಾಡಿದವನು ಮುಂದೆ ಯಾವ ವಸ್ತುವಿಗೂ ಹೆದರಬೇಕಾಗಿಲ್ಲ.

ನಮ್ಮ ಊರುಗಳಲ್ಲಿ ಇದಕ್ಕೆ ಮಾರುಕಟ್ಟೆ ಸಣ್ಣದು ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಮದುವೆಗೆ ಕೊಡುವ ಮಂಚ-ಬೀರುವಿಗೆ ಜನ ಶೋರೂಮಿಗೆ ಹೋಗುತ್ತಾರೆ. ಅಲ್ಲಿ ಕಂತಿನ ಸೌಲಭ್ಯವಿದೆ, ಅಂದೇ ಸಂಜೆ ಸಾಮಾನು ಮನೆಗೆ ಬರುತ್ತದೆ. ಕೈಕೆಲಸದ ಮೇಜಿಗೆ ಎರಡು ತಿಂಗಳು ಕಾಯುವ ಗಿರಾಕಿ ಬಳ್ಳಾರಿಯ ಕೆಲವು ಮನೆಗಳಲ್ಲಿ, ಆನೆಗೊಂದಿ-ಹಂಪಿಯ ಸುತ್ತಲಿನ ವಸತಿಗೃಹಗಳಲ್ಲಿ, ಹೆಚ್ಚಾಗಿ ಬೆಂಗಳೂರು, ಹೈದರಾಬಾದುಗಳಲ್ಲಿ ಇರುತ್ತಾನೆ. ರಾಯಚೂರಿಗೆ ಹೈದರಾಬಾದು ಹತ್ತಿರವಿರುವುದು ಈ ದೃಷ್ಟಿಯಿಂದ ಅನುಕೂಲವೇ. ಆದರೆ ದೂರದ ಗಿರಾಕಿಗೆ ಕಳಿಸುವಾಗ ಪ್ಯಾಕಿಂಗ್, ಸಾಗಣೆ, ದಾರಿಯಲ್ಲಿ ಆದ ಗೀರು ಇವೆಲ್ಲ ನಿಮ್ಮ ತಲೆಯ ಮೇಲೆಯೇ ಬರುತ್ತವೆ. ಅರ್ಧ ಹಣ ಮುಂಗಡ ಪಡೆಯದೆ ಒಂದು ಹಲಗೆಯನ್ನೂ ಕೊಯ್ಯಬಾರದು. ಹೊರದೇಶಕ್ಕೆ ಕಳಿಸುವ ಆಸೆಯುಳ್ಳವರು ಬೀಟೆ ಮರದ ವಿಷಯದಲ್ಲಿ ಎಚ್ಚರವಾಗಿರಬೇಕು: 2017ರ ಜನವರಿಯಿಂದ ಬೀಟೆಯ ಇಡೀ ಕುಲವೇ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಯಲ್ಲಿದೆ, ದಾಖಲೆಗಳಿಲ್ಲದೆ ಗಡಿ ದಾಟುವುದಿಲ್ಲ.

ಇಲ್ಲಿ ಬಳ್ಳಾರಿ ಜಾಲಿಯ ಬಗ್ಗೆ ಸ್ವಲ್ಪ ಹೆಚ್ಚಾಗಿ ಹೇಳುವ ಆಸೆಯನ್ನು ನಾನು ತಡೆದುಕೊಳ್ಳಲಾರೆ. ಅಮೆರಿಕ ಖಂಡದಿಂದ ಬಂದು, ನಮ್ಮ ನೆರೆಯ ಜಿಲ್ಲೆಯ ಹೆಸರನ್ನೇ ಹೊತ್ತು, ಕೆರೆಯಂಗಳ, ಹಳ್ಳದ ದಂಡೆ, ಬೀಳು ಹೊಲಗಳನ್ನೆಲ್ಲ ಆಕ್ರಮಿಸಿರುವ ಈ ಮುಳ್ಳಿನ ಮರವನ್ನು ನಾವು ಸೌದೆಗೆ, ಇದ್ದಿಲಿಗೆ ಬಿಟ್ಟು ಬೇರೆ ಯಾವುದಕ್ಕೂ ಬಳಸುವುದಿಲ್ಲ. ಆದರೆ ಇದರ ಹತ್ತಿರದ ಬಂಧುವಾದ ಮೆಸ್ಕೀಟ್ ಮರವನ್ನು ಅಮೆರಿಕದ ಟೆಕ್ಸಾಸಿನಲ್ಲಿ ಬೆಲೆಬಾಳುವ ಮೇಜುಗಳಿಗೆ, ನೆಲಹಾಸಿಗೆ ಬಳಸುತ್ತಾರೆ. ಕಾರಣ ಸರಳವಾಗಿದೆ: ಈ ಜಾತಿಯ ಮರ ಗಡುಸಾಗಿದ್ದೂ ತೇವಕ್ಕೆ ಬಹಳ ಕಡಿಮೆ ಆಡುತ್ತದೆ. ಅಂದರೆ ನಮ್ಮ ಒಣಹವೆಗೆ ಹೇಳಿ ಮಾಡಿಸಿದ ಮರ ನಮ್ಮ ಬೇಲಿಯಲ್ಲಿಯೇ ನಿಂತಿದೆ. ಅಡ್ಡಿಗಳೂ ಇವೆ. ಬೊಡ್ಡೆ ಡೊಂಕು, ಉದ್ದದ ನೇರ ಹಲಗೆ ಸಿಗುವುದು ಅಪರೂಪ, ಬಿಳಿ ಭಾಗಕ್ಕೆ ಹುಳು ಬೇಗ ಹತ್ತುತ್ತದೆ, ಕೊಯ್ಯುವ ಮಿಲ್ಲಿನವರು ಮುಖ ಸಿಂಡರಿಸುತ್ತಾರೆ. ಹಳೆಯ, ದಪ್ಪ ಬೊಡ್ಡೆಗಳನ್ನು ಹುಡುಕಿ, ಚೇಗಿನ (ಒಳಗಿನ ಗಟ್ಟಿ ಮರದ) ಭಾಗವನ್ನು ಮಾತ್ರ ತೆಗೆದು, ಸಣ್ಣ ತುಂಡುಗಳಲ್ಲೇ ಆಗುವ ಮಣೆ, ಪೆಟ್ಟಿಗೆ, ಟೀಪಾಯಿ, ಕುರ್ಚಿಯ ಕಾಲುಗಳನ್ನು ನಾವು ಮಾಡಿ ನೋಡಿದ್ದೇವೆ. ಪಾಲಿಶ್ ಕೊಟ್ಟರೆ ಕೆಂಗಂದು ಬಣ್ಣ ತೇಗಕ್ಕಿಂತ ಆಳವಾಗಿ ಮೂಡುತ್ತದೆ. ಪೀಠೋಪಕರಣದ ದಾರಿ ಹಿಡಿಯುವವರು ಘಾನಾ ತೇಗದಲ್ಲಿ ಎಲ್ಲರೂ ಮಾಡುವ ಸೋಫಾವನ್ನೇ ಮಾಡಿ ದರದಲ್ಲಿ ಗುದ್ದಾಡುವುದಕ್ಕಿಂತ ಇಂತಹ ಒಂದು ಮರವನ್ನು ತಮ್ಮದಾಗಿ ಮಾಡಿಕೊಳ್ಳುವುದು ಮೇಲು ಎಂಬುದು ನನ್ನ ಅಭಿಪ್ರಾಯ.

ಪ್ಲೈವುಡ್ ಮತ್ತು ಮಾಡ್ಯುಲರ್ ಕೆಲಸ

ತಕ್ಷಣಕ್ಕೆ ಹೆಚ್ಚು ಕೆಲಸ ಇರುವುದು ಇಲ್ಲಿ. ಅಡುಗೆಮನೆ, ವಾರ್ಡ್‌ರೋಬ್, ಟಿವಿ ಯೂನಿಟ್, ಅಂಗಡಿಗಳ ಒಳಾಂಗಣ ಇವು ಒಂದು ತಿಂಗಳೊಳಗೆ ಮುಗಿಯುತ್ತವೆ, ಹಣವೂ ಬೇಗ ತಿರುಗುತ್ತದೆ. ಕಲಿಯಬೇಕಾದದ್ದು ಅಳತೆಯ ನಿಖರತೆ, ಶೀಟಿನಲ್ಲಿ ತುಂಡುಗಳನ್ನು ಕಡಿಮೆ ವ್ಯರ್ಥವಾಗುವಂತೆ ಹೊಂದಿಸುವ ಜಾಣತನ, ಸನ್‌ಮೈಕಾ ಮತ್ತು ಅಂಚುಪಟ್ಟಿ ಅಂಟಿಸುವ ಶಿಸ್ತು, ಕೀಲು ಮತ್ತು ಚಾನೆಲ್‌ಗಳ ಜ್ಞಾನ. ಎಂಟು-ನಾಲ್ಕು ಅಡಿಯ ಶೀಟು ಎಂದರೆ 32 ಚದರ ಅಡಿ. ಅದರಲ್ಲಿ ಎಷ್ಟು ಮೂಲೆಗೆ ಬಿತ್ತು ಎಂಬುದರ ಮೇಲೆಯೇ ಲಾಭ ನಿಂತಿದೆ. ಮಾಲಿನ ಗುರುತುಗಳೂ ಗೊತ್ತಿರಬೇಕು. ಸಾಮಾನ್ಯ ಪ್ಲೈವುಡ್ಡಿಗೆ ಐಎಸ್ 303, ಮರೈನ್ ಪ್ಲೈವುಡ್ಡಿಗೆ ಐಎಸ್ 710 ಎಂಬ ಮಾನಕಗಳಿವೆ. 710ರ ಅಂಟಿನ ಪರೀಕ್ಷೆಯಲ್ಲಿ ತುಂಡನ್ನು 72 ಗಂಟೆ ಕುದಿಸಿ ನೋಡುತ್ತಾರೆ. ಸಿಂಕಿನ ಕೆಳಗೆ 303ರ ಅಗ್ಗದ ಶೀಟು ಹಾಕಿ, 710ರ ಬಿಲ್ ತೋರಿಸುವವರೂ ಇದ್ದಾರೆ. ಎರಡು ಮಳೆಗಾಲ ಕಳೆದರೆ ಸಾಕು, ಅಂಥವರ ಹೆಸರು ಊರಿಗೆಲ್ಲ ತಿಳಿದಿರುತ್ತದೆ.

ಕೂಲಿಯ ಲೆಕ್ಕದಲ್ಲಿ ಹೊಸಬರು ಬೀಳುವ ಗುಂಡಿ ಒಂದಿದೆ. ಚದರ ಅಡಿಗೆ ಇಷ್ಟು ಎಂದು ಮಾತಾಡುವಾಗ ಬಹಳಷ್ಟು ಕಡೆ ಎದುರಿನ ಮುಖವನ್ನು ಮಾತ್ರ ಅಳೆಯುತ್ತಾರೆ. ಏಳು ಅಡಿ ಎತ್ತರ, ಆರು ಅಡಿ ಅಗಲದ ವಾರ್ಡ್‌ರೋಬ್ 42 ಚದರ ಅಡಿ. ಒಳಗೆ ಎರಡು ಅಡ್ಡಹಲಗೆ ಇದ್ದರೂ ಅಷ್ಟೇ, ಎಂಟು ಡ್ರಾಯರ್ ಇದ್ದರೂ ಅಷ್ಟೇ. ಡ್ರಾಯರಿಗೆ, ಲಾಕರಿಗೆ, ಕನ್ನಡಿಗೆ ಬೇರೆ ದರ ಎಂದು ಮೊದಲ ದಿನವೇ ಕಾಗದದ ಮೇಲೆ ಬರೆಸಿಕೊಳ್ಳಬೇಕು.

ಈ ಕೆಲಸವನ್ನು ಕೀಳಾಗಿ ಕಾಣುವ ಹಿರಿಯ ಬಡಿಗರ ಮಾತು ನನಗೆ ಒಪ್ಪಿಗೆಯಿಲ್ಲ. ಆದರೆ ಒಂದು ಸಂಗತಿಯನ್ನು ಗಮನಿಸಬೇಕು: ಇದರ ಕಠಿಣ ಭಾಗವನ್ನು ಯಂತ್ರ ಬಹಳ ಬೇಗ ವಶಪಡಿಸಿಕೊಳ್ಳುತ್ತಿದೆ. ದೊಡ್ಡ ಊರುಗಳ ಕಾರ್ಖಾನೆಗಳಲ್ಲಿ ಕಂಪ್ಯೂಟರ್ ಹೇಳಿದಂತೆ ಶೀಟು ಕತ್ತರಿಸಿ, ಅಂಚು ಅಂಟಿಸಿ, ತೂತು ಹೊಡೆದು, ಪೆಟ್ಟಿಗೆಯಲ್ಲಿ ತುಂಬಿ ಕಳಿಸುತ್ತಾರೆ; ಊರಿನ ಕೆಲಸಗಾರನಿಗೆ ಉಳಿಯುವುದು ಸ್ಕ್ರೂ ತಿರುಗಿಸುವುದು ಮಾತ್ರ. ಪ್ಲೈವುಡ್ಡಿನಿಂದಲೇ ಆರಂಭಿಸಿ ಗಟ್ಟಿ ಮರವನ್ನು ಮುಟ್ಟದೆ ಹತ್ತು ವರ್ಷ ಕಳೆದವನಿಗೆ ಆಮೇಲೆ ಬಾಗಿಲಿನ ಕೆಲಸಕ್ಕೆ ಬರುವುದು ಕಷ್ಟವಾಗುತ್ತದೆ. ಬಾಗಿಲಿನ ಕೆಲಸ ಬಲ್ಲವನು ಪ್ಲೈವುಡ್ಡಿಗೆ ಹೊಂದಿಕೊಳ್ಳಲು ಮೂರು ತಿಂಗಳು ಸಾಕು.

ಕಿನ್ನಾಳ ಮತ್ತು ದೇವಾಲಯದ ಕೆತ್ತನೆ

ಕಿನ್ನಾಳದ ಕಲೆಗೆ ಭೌಗೋಳಿಕ ಗುರುತು, ಅಂದರೆ ಜಿಐ ಮಾನ್ಯತೆ ಇದೆ. ವಿಜಯನಗರದ ಕಾಲದಿಂದ ಬಂದದ್ದೆಂದು ಹೇಳಲಾಗುವ ಈ ಕಸುಬಿನಲ್ಲಿ ಹುಣಸೆ ಬೀಜದ ಅಂಟು, ಸೆಣಬಿನ ಚಿಂದಿಯ ಪುಡಿಯನ್ನು ಆ ಅಂಟಿನಲ್ಲಿ ಕಲಸಿದ ‘ಕಿಟ್ಟ’, ಗರುಡ-ಗೌರಿಯರ ಮೂರ್ತಿ, ಗೊಂಬೆ, ದೇವರ ವಾಹನ ಇವೆಲ್ಲ ಸೇರುತ್ತವೆ. ಇಲ್ಲಿ ಬಣ್ಣಗಾರಿಕೆ ಮರಗೆಲಸದಷ್ಟೇ, ಕೆಲವು ಕಡೆ ಅದಕ್ಕಿಂತ ಹೆಚ್ಚು ಮುಖ್ಯ. ಆದ್ದರಿಂದ ಕೈಯಲ್ಲಿ ಚಿತ್ರದ ಗೀಳಿಲ್ಲದವರು ಈ ಕಡೆ ಬರಬಾರದು. ಜಿಐ ಹೆಸರನ್ನು ಆ ಊರಿನ ಕುಶಲಕರ್ಮಿಗಳ ಕಸುಬಿಗೆ ಕೊಟ್ಟಿರುವುದರಿಂದ, ಸಿಂಧನೂರಿನಲ್ಲಿ ಕೂತು ಅದೇ ರೀತಿಯ ಗೊಂಬೆ ಮಾಡಿ ಕಿನ್ನಾಳ ಎಂದು ಮಾರುವ ಹಾಗಿಲ್ಲ. ಅಲ್ಲಿಗೇ ಹೋಗಿ, ಒಂದು ಮನೆಯಲ್ಲಿ ವರ್ಷಗಟ್ಟಲೆ ಕೂತು ಕಲಿಯುವ ತಾಳ್ಮೆ ಬೇಕು.

ರಥ, ಪಲ್ಲಕ್ಕಿ, ಗರ್ಭಗುಡಿಯ ಬಾಗಿಲುಗಳ ಕೆತ್ತನೆ ಇದರ ನೆರೆಯ ಕಸುಬು. ಚಪ್ಪಟೆ ಹಲಗೆಯ ಮೇಲಿನ ಬಳ್ಳಿ-ಹೂವಿನ ಕೆತ್ತನೆಯನ್ನು ಈಗ ಕಂಪ್ಯೂಟರ್ ಹೇಳಿದಂತೆ ಕೊರೆಯುವ ಸಿಎನ್‌ಸಿ ಯಂತ್ರ ಕೆಲವೇ ಗಂಟೆಗಳಲ್ಲಿ ಮಾಡಿ ಮುಗಿಸುತ್ತದೆ. ಅದರೊಂದಿಗೆ ಉಳಿ ಹಿಡಿದು ಸ್ಪರ್ಧಿಸುವುದು ವ್ಯರ್ಥ ಶ್ರಮ. ಸುತ್ತಲೂ ಬಿಡಿಸಿದ ಮೂರ್ತಿ, ಒಳಕೊರೆತವುಳ್ಳ ಕೆತ್ತನೆ, ಹಳೆಯ ರಥದ ಮುರಿದ ಭಾಗವನ್ನು ಮೂಲಕ್ಕೆ ಹೊಂದುವಂತೆ ಮರುಕೆತ್ತುವುದು ಇವುಗಳಲ್ಲಿ ಮಾತ್ರ ಕೈಗೆ ಇನ್ನೂ ಬೆಲೆಯಿದೆ.

ಎಲ್ಲಿ ಕಲಿಯುವುದು

ಐಟಿಐಗಳ ಮರಗೆಲಸದ ಟ್ರೇಡಿಗೆ ಎಂಟನೇ ತರಗತಿ ಪಾಸಾದವರೂ ಸೇರಬಹುದು, ಅವಧಿ ಒಂದು ವರ್ಷ. ನಕ್ಷೆ ಓದುವುದು, ಯಂತ್ರದ ಸುರಕ್ಷತೆ, ಪ್ರಮಾಣಪತ್ರ ಇವು ಅದರ ಲಾಭಗಳು; ಕೈ ಕುದುರುವುದಕ್ಕೆ ಒಂದು ವರ್ಷ ಸಾಲದು. ಕೆತ್ತನೆಯ ಕಡೆ ಒಲವಿರುವವರಿಗೆ ಕಾರ್ಕಳದ ಬಳಿ ಮಿಯಾರಿನಲ್ಲಿರುವ ಕೆನರಾ ಬ್ಯಾಂಕಿನ ಸಿ. ಇ. ಕಾಮತ್ ಕುಶಲಕರ್ಮಿಗಳ ಸಂಸ್ಥೆ 18 ತಿಂಗಳ ಉಚಿತ ವಸತಿ ತರಬೇತಿ ಕೊಡುತ್ತದೆ. ಊರು ದೂರ, ಹವೆ ಬೇರೆ, ಆದರೆ ಗುರುಮುಖವಾಗಿ ಕೆತ್ತನೆ ಕಲಿಯಲು ಇಂಥ ಅವಕಾಶ ಕಡಿಮೆ. ಯಂತ್ರಗಳ ಕಡೆ ಮನಸ್ಸಿರುವವರು ಬೆಂಗಳೂರಿನ ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿರುವ ಸುಧಾರಿತ ಮರಗೆಲಸ ತರಬೇತಿ ಕೇಂದ್ರವನ್ನು ವಿಚಾರಿಸಬಹುದು. ಚಿತ್ರ ಬರೆಯುವ ಕೈಯೂ ಪ್ರವೇಶ ಪರೀಕ್ಷೆಯನ್ನು ಎದುರಿಸುವ ಓದೂ ಇದ್ದವರಿಗೆ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಪೀಠೋಪಕರಣ ವಿನ್ಯಾಸದ ಪದವಿ ಇದೆ. ಅದು ವಿನ್ಯಾಸಕಾರರನ್ನು ತಯಾರು ಮಾಡುವ ಓದು, ಬಡಿಗರನ್ನಲ್ಲ. ಇವುಗಳಲ್ಲಿ ಯಾವುದನ್ನು ಮಾಡಿದರೂ ಮೇಸ್ತ್ರಿಯೊಬ್ಬರ ಕೈಕೆಳಗೆ ಎರಡು ವರ್ಷ ಕಳೆಯುವುದು ತಪ್ಪುವುದಿಲ್ಲ.

ಬಂಡವಾಳ ಮತ್ತು ಅಪಾಯ

2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಗಿತನವೂ ಇದೆ, ಗೊಂಬೆ ತಯಾರಿಕೆಯೂ ಇದೆ. ಐದರಿಂದ ಏಳು ದಿನಗಳ ಮೂಲ ತರಬೇತಿ, ದಿನಕ್ಕೆ 500 ರೂಪಾಯಿ ಭತ್ಯೆ, ಸಲಕರಣೆಗೆ 15,000 ರೂಪಾಯಿ, ಆಮೇಲೆ ಶೇ 5ರ ಬಡ್ಡಿಗೆ ಜಾಮೀನಿಲ್ಲದ ಸಾಲ: ಮೊದಲು ಒಂದು ಲಕ್ಷ, ಅದನ್ನು ತೀರಿಸಿದ ಮೇಲೆ ಎರಡು ಲಕ್ಷದವರೆಗೆ. ಕುಟುಂಬದಲ್ಲಿ ಒಬ್ಬರಿಗೆ ಮಾತ್ರ ಸಿಗುತ್ತದೆ, ಸರ್ಕಾರಿ ನೌಕರರಿರುವ ಕುಟುಂಬಕ್ಕೆ ಸಿಗುವುದಿಲ್ಲ. ಅರ್ಜಿಯನ್ನು ಸಾಮಾನ್ಯ ಸೇವಾ ಕೇಂದ್ರದಲ್ಲಿ ಹಾಕಬಹುದು. ಮೊದಲ ಲಕ್ಷವನ್ನು 18 ತಿಂಗಳಲ್ಲಿ ತೀರಿಸಬೇಕಾದ್ದರಿಂದ ಸಮ ಕಂತಾದರೆ ತಿಂಗಳಿಗೆ ಸುಮಾರು 5,780 ರೂಪಾಯಿ ಕಟ್ಟಬೇಕಾಗುತ್ತದೆ. ಪ್ಲೈವುಡ್ ಕೆಲಸದವನಿಗೆ ಈ ಕಂತು ಸುಲಭ, ಹಣ ತಿಂಗಳಿಗೊಮ್ಮೆ ತಿರುಗುತ್ತದೆ. ಬಾಗಿಲಿನ ಕೆಲಸದವನಿಗೆ ಕಂತಿನ ದಿನ ಮತ್ತು ಹಣ ಬರುವ ದಿನ ಹೊಂದುವುದಿಲ್ಲ. ಆದ್ದರಿಂದ ಎರಡನೆಯವನು ಸಾಲದ ಹಣದಲ್ಲಿ ಯಂತ್ರ ಕೊಳ್ಳುವ ಮೊದಲು ನಾಲ್ಕು ಕಂತಿನಷ್ಟನ್ನಾದರೂ ಕೈಯಲ್ಲಿಟ್ಟುಕೊಳ್ಳಬೇಕು.

ನಮ್ಮ ಜಿಲ್ಲೆಗಳಲ್ಲಿ ಮನೆ ಕಟ್ಟುವ ಹಣ ಎರಡು ಮೂಲಗಳಿಂದ ಬರುತ್ತದೆ, ನೀರು ಮತ್ತು ಅದಿರು. ಎರಡೂ ನಮ್ಮ ಕೈಯಲ್ಲಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. 2024ರ ಆಗಸ್ಟಿನಲ್ಲಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋಯಿತು. ಆ ವಾರ ನಮ್ಮಲ್ಲಿ ಬಾಗಿಲಿಗೆ ಮಾತಾಡಿ ಹೋಗಿದ್ದ ಇಬ್ಬರು, ಭತ್ತದ ಗತಿ ನೋಡಿ ಹೇಳುತ್ತೇವೆ ಎಂದು ಫೋನ್ ಮಾಡಿದರು. ಒಂದೇ ಬಗೆಯ ಕೆಲಸವನ್ನು ನಂಬಿಕೊಂಡವನಿಗೆ ಇಂಥ ವರ್ಷ ಬಹಳ ಉದ್ದವಾಗುತ್ತದೆ. ಬಾಗಿಲಿನ ಬಡಿಗನಾಗಿಯೂ ಪ್ಲೈವುಡ್ಡಿನ ಒಂದು ಅಂಗಡಿ ಕೆಲಸವನ್ನೋ, ಊರಿನ ಶಾಲೆಯ ಬೆಂಚುಗಳ ದುರಸ್ತಿಯನ್ನೋ ಹಿಡಿಯಲು ನಾಚಿಕೆ ಪಡಬಾರದು ಎಂದು ನಾನು ಹೇಳುವುದು ಇದಕ್ಕಾಗಿ.

ಮೈಯ ಅಪಾಯವನ್ನು ನಾಲ್ಕು ದಾರಿಯವರೂ ಲಘುವಾಗಿ ತೆಗೆದುಕೊಳ್ಳುತ್ತಾರೆ. ಮರದ ಧೂಳನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 1995ರಲ್ಲಿಯೇ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಮೂಗಿಗೆ ಟವೆಲ್ ಕಟ್ಟಿಕೊಂಡರೆ ಸಾಲದು. ಸರಿಯಾದ ಮಾಸ್ಕ್, ಯಂತ್ರಕ್ಕೆ ಧೂಳು ಎಳೆಯುವ ಕೊಳವೆ ಬೇಕು. ಮೇಜು ಗರಗಸದ ಮುಂದೆ ಉದ್ದ ತೋಳಿನ ಅಂಗಿ, ಕೈಗವಸು ಎರಡೂ ಅಪಾಯ. ಕೊನೆಯ ಗೇಣನ್ನು ತಳ್ಳುವುದಕ್ಕೆ ಕೈ ಬಳಸದೆ ಕಟ್ಟಿಗೆಯ ತುಂಡು ಬಳಸಬೇಕು. ನಮ್ಮ ಕಾರ್ಯಾಗಾರದಲ್ಲಿ ಈ ನಿಯಮ ಬಂದದ್ದು ಒಬ್ಬ ಹುಡುಗನ ಬೆರಳಿನ ತುದಿ ಹೋದ ಮೇಲೆ. ಅದಕ್ಕಿಂತ ಮೊದಲೇ ಬರಬೇಕಾಗಿತ್ತು.

ಇಷ್ಟೆಲ್ಲ ಹೋಲಿಸಿದ ಮೇಲೆ ನನ್ನ ಸಲಹೆ ಹೀಗಿದೆ. ಮನೆಯಲ್ಲಿ ತಕ್ಷಣ ದುಡಿಯಲೇಬೇಕಾದ ಒತ್ತಡವಿದ್ದರೆ ಪ್ಲೈವುಡ್ಡಿನ ತಂಡವೊಂದಕ್ಕೆ ಸೇರಿರಿ, ಆದರೆ ಭಾನುವಾರಗಳನ್ನು ಉಳಿ-ರಂದಾಕ್ಕೆ ಮೀಸಲಿಡಿರಿ. ಎರಡು ವರ್ಷ ಕಡಿಮೆ ಕೂಲಿಯಲ್ಲಿ ತಾಳಿಕೊಳ್ಳುವ ಅನುಕೂಲವಿದ್ದರೆ ಬಾಗಿಲು-ಚೌಕಟ್ಟಿನ ಮೇಸ್ತ್ರಿಯ ಬಳಿ ಆರಂಭಿಸಿರಿ. ಪೀಠೋಪಕರಣ ಆ ಮರದಲ್ಲಿಯೇ ಮುಂದೆ ಒಡೆಯುವ ಕೊಂಬೆ. ಕಿನ್ನಾಳವನ್ನು ಆಯ್ದುಕೊಳ್ಳುವವರು ನನ್ನಂಥವರ ಸಲಹೆ ಕೇಳಲು ಬರುವುದಿಲ್ಲ, ಅವರು ಈಗಾಗಲೇ ಯಾರದೋ ಮನೆಯ ಜಗುಲಿಯಲ್ಲಿ ಬಣ್ಣ ಅರೆಯುತ್ತಿರುತ್ತಾರೆ.

ಮೇಸ್ತ್ರಿಯನ್ನು ಆರಿಸುವಾಗ ಅವರ ಕಾರ್ಯಾಗಾರದಲ್ಲಿ ಹೊಳೆಯುತ್ತಿರುವ ಹೊಸ ಬಾಗಿಲನ್ನು ನೋಡಿ ಮರುಳಾಗಬೇಡಿ. ಐದು ವರ್ಷದ ಹಿಂದೆ ಅವರು ನಿಲ್ಲಿಸಿದ ಬಾಗಿಲು ಯಾವ ಮನೆಯಲ್ಲಿದೆ ಎಂದು ಕೇಳಿಕೊಂಡು, ಮೇ ತಿಂಗಳ ಮಧ್ಯಾಹ್ನ ಆ ಮನೆಗೆ ಹೋಗಿರಿ. ಕದ ಮುಚ್ಚಿಸಿ, ಪಟ್ಟಿ ಮತ್ತು ಹಲಗೆ ಕೂಡುವ ಕಡೆ ಪಾಲಿಶ್ ಇಲ್ಲದ ಬಿಳಿ ಗೆರೆಯೊಂದು ಹೊರಗೆ ಇಣುಕಿದೆಯೇ ಎಂದು ನೋಡಿರಿ. ಇಣುಕಿದ್ದರೆ ಹಲಗೆ ಕುಗ್ಗುವ ಮೊದಲು ಅದರ ಅಂಚಿಗೆ ಬಣ್ಣ ಕೊಟ್ಟಿಲ್ಲವೆಂದು ಅರ್ಥ, ಇದು ಸಣ್ಣ ತಪ್ಪು. ಹಲಗೆಯೇ ಸೀಳಿದ್ದರೆ ಅದನ್ನು ಅಂಟು ಹಾಕಿ ಬಿಗಿದಿದ್ದಾರೆಂದು ಅರ್ಥ, ಅಂಥವರ ಬಳಿ ಸೇರಬೇಡಿ. ಎರಡೂ ಇಲ್ಲದಿದ್ದರೆ ಮರುದಿನವೇ ಹೋಗಿ, ಉಳಿ ಮಸೆಯುವುದರಿಂದ ಆರಂಭಿಸುತ್ತೇನೆ ಎಂದು ಹೇಳಿರಿ.